ಬೀಸಿದ ಬಾವುಟ

ನನಗೆ ತಾಳ್ಮೆ ಕಡಿಮೆ. ಕ್ಯಾಮೆರಾ ಕೂರಿಸುವ ಕೆಲಸಕ್ಕೆ ಬಂದು ಹದಿನಾಲ್ಕು ವರ್ಷವಾಯಿತು. ಆದರೂ ಏಣಿ ಹತ್ತಿ ನಿಂತಾಗ ಕೆಳಗಿನಿಂದ "ಸ್ವಲ್ಪ ಎಡಕ್ಕೆ, ಅಲ್ಲ ಬಲಕ್ಕೆ" ಎನ್ನುವವರನ್ನು ಕಂಡರೆ ಮೈ ಉರಿಯುತ್ತದೆ. ಈ ಗೋದಾಮಿನ ಮ್ಯಾನೇಜರ್ ಆ ಪೈಕಿ. ಲಾರಿಗೆ ಸರಕು ತುಂಬುವ ಅಂಗಳದ ಕ್ಯಾಮೆರಾ ಕೂರಿಸಿದ ದಿನವೇ ತಗಾದೆ ತೆಗೆದಿದ್ದರು.

"ಏನ್ರೀ ಇದು, ಸಾಸಿವೆ ಚೆಲ್ಲಿದ ಹಾಗೆ ಬರೀ ಚುಕ್ಕೆ!"

ಅಂಗಳಕ್ಕೆ ತಗಡಿನ ಮಾಡು, ಹಗಲಲ್ಲೂ ಮಬ್ಬು. ಬೆಳಕು ಸಾಲದಿದ್ದರೆ ಚಿತ್ರದಲ್ಲಿ ಚುಕ್ಕೆ ಬರುವುದು ಸಹಜ. ಅದನ್ನು ಇವರಿಗೆ ಬಿಡಿಸಿ ಹೇಳುವವರು ಯಾರು? ಚುಕ್ಕೆ ಅಳಿಸುವ ನಾಯ್ಸ್ ರಿಡಕ್ಷನ್ ಐವತ್ತರಲ್ಲಿತ್ತು, ನೂರಕ್ಕೆ ಎಳೆದುಬಿಟ್ಟೆ. ಖಾಲಿ ಅಂಗಳ ತೊಳೆದಿಟ್ಟಂತೆ ಕಂಡಿತು. "ಇದಪ್ಪಾ ಚಿತ್ರ ಅಂದ್ರೆ!" ಎಂದರು. ಸೆಟ್ಟಿಂಗ್ ಬದಲಿಸಿದ ಮೇಲೆ ಯಾರನ್ನಾದರೂ ಎದುರಿಗೆ ಓಡಾಡಿಸಿ ನೋಡಬೇಕು, ಅದು ನಮ್ಮ ಕಸುಬಿನ ಪದ್ಧತಿ. ಅವತ್ತು ನನಗೆ ಹಸಿವಾಗಿತ್ತು, ನೋಡಲಿಲ್ಲ.

ಅದೇ ಅಂಗಳದಲ್ಲಿ ನನ್ನ ಅಕ್ಕನ ಗಂಡ ಕೆಲಸಕ್ಕಿದ್ದಾರೆ. ಫೋರ್ಕ್‌ಲಿಫ್ಟ್ ಹಿಂದೆ ಬರುವಾಗ ದಾರಿಯಲ್ಲಿ ಯಾರಾದರೂ ಇದ್ದರೆ ಕೆಂಪು ಬಾವುಟ ಬೀಸಿ ನಿಲ್ಲಿಸುವುದು ಅವರ ಕೆಲಸ. ಐದು ದಿನದ ಕೆಳಗೆ ಆ ಗಾಡಿಯ ಚಕ್ರ ಒಬ್ಬ ಮೂಟೆ ಹೊರುವವನ ಪಾದದ ಮೇಲೆ ಹತ್ತಿತು. ಬಾವುಟ ತೋರಿಸಲೇ ಇಲ್ಲ ಎಂದ ಡ್ರೈವರ್. ಬೀಸಿದೆ ಎಂದರು ಭಾವ. ಕ್ಯಾಮೆರಾದ ರೆಕಾರ್ಡಿಂಗ್ ತೆಗೆದು ನೋಡಿದರೆ ಭಾವ ನಿಂತಿದ್ದಾರೆ, ಬಾವುಟ ಇಲ್ಲ. ಕೆಲಸದಿಂದ ತೆಗೆಯುವ ಕಾಗದ ಟೈಪಾಯಿತು. ಇವತ್ತು ಮಧ್ಯಾಹ್ನ ಮ್ಯಾನೇಜರ್ ಸಹಿ ಹಾಕುತ್ತಾರೆ.

ನಿಜ ಹೇಳುತ್ತೇನೆ, ನಾನೂ ಭಾವನನ್ನು ನಂಬಿರಲಿಲ್ಲ. ಎಲ್ಲೋ ಮೈಮರೆತಿದ್ದಾರೆ, ಈಗ ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡಿದ್ದೆ. ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು.

"ಐದು ದಿನದಿಂದ ನಿಮ್ಮ ಭಾವ ಸರಿಯಾಗಿ ಒಂದು ತುತ್ತು ತಿಂದಿಲ್ಲ ಕಣೋ. ನಿನ್ನೆ ಆ ಕಾಲು ಮುರಿದವನ ಮನೆಗೆ ಹೋಗಿ, ಒಳಗೆ ಹೋಗೋಕೆ ಮುಖ ಇಲ್ದೆ ಬಾಗಿಲಲ್ಲೇ ನಿಂತು ಬಂದ್ರು. ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂತಾರೆ. ನೀನೊಂದ್ಸಲ ಸರಿಯಾಗಿ ನೋಡೋ."

"ನೋಡಿದ್ದೀನಿ ಅಕ್ಕ, ಇನ್ನೇನು ನೋಡೋದು!" ಎಂದು ರೇಗಿದೆ. ಆದರೂ ಕೂತಲ್ಲಿ ಕೂರಲಾಗದೆ ಹತ್ತು ಗಂಟೆಗೆಲ್ಲ ಗೋದಾಮಿಗೆ ಹೋದೆ.

ಮ್ಯಾನೇಜರ್ ಕೋಣೆಯಲ್ಲಿ ಕೂತು ಸೆಟ್ಟಿಂಗ್ ತೆರೆದೆ. ನಾಯ್ಸ್ ರಿಡಕ್ಷನ್: ನೂರು. ನಾನೇ ಎಳೆದದ್ದು.

ಅದು ಕೆಲಸ ಮಾಡುವ ರೀತಿ ಹೀಗೆ: ಒಂದರ ಹಿಂದೊಂದು ಬರುವ ಚಿತ್ರಗಳನ್ನು ಸೇರಿಸಿ ನೋಡಿ, ಇದ್ದಲ್ಲೇ ಇರುವುದನ್ನು ಉಳಿಸುತ್ತದೆ. ಸರಸರ ಅಲ್ಲಾಡುವ ಸಣ್ಣ ವಸ್ತುವನ್ನು ಚುಕ್ಕೆಯೆಂದೇ ತಿಳಿದು ಒರೆಸಿಹಾಕುತ್ತದೆ. ಭಾವ ಸೋಮಾರಿಯಾಗಿ ಬಾವುಟ ಹಿಡಿದು ನಿಂತಿದ್ದರೆ ಕಾಣುತ್ತಿತ್ತು. ಜೀವ ಬಿಟ್ಟು ಬೀಸಿದ್ದಕ್ಕೇ ಕಾಣಲಿಲ್ಲ. ಅಯ್ಯೋ ನನ್ನ ಬುದ್ಧಿಗಿಷ್ಟು!

ಮ್ಯಾನೇಜರಿಗೆ ಹೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿದರು.

"ಭಾವ ಅಂತ ಕತೆ ಕಟ್ತಿದ್ದೀರಾ?"

"ಕತೆಯಲ್ಲ ಸಾರ್. ಅವತ್ತಿನ ಸೆಟ್ಟಿಂಗೇ ಇದೆ, ನಾನಿನ್ನೂ ಮುಟ್ಟಿಲ್ಲ. ಅವರು ಈಗ ಬೀಸಲಿ, ನೀವೇ ನೋಡಿ."

ಭಾವನನ್ನು ಅದೇ ಜಾಗದಲ್ಲಿ ನಿಲ್ಲಿಸಿ ಬಂದೆ. ಅವರು ಬಾವುಟ ಬೀಸಿದರು. ಪರದೆಯ ಮೇಲೆ ಬಾವುಟ ಸ್ಪಷ್ಟವಾಗಿ ಕಂಡಿತು.

"ಕಾಣ್ತಿದೆಯಲ್ರೀ!" ಎಂದರು ಮ್ಯಾನೇಜರ್.

ಹೊರಗೆ ಓಡಿದೆ. "ಏನು ಭಾವ ಇದು, ಜೋಗುಳ ಹಾಡೋ ಹಾಗೆ ಬೀಸ್ತಿದ್ದೀರಿ! ಅವತ್ತಿನ ಥರ ಬೀಸಿ!"

"ಚೆನ್ನಾಗಿ ಕಾಣಿಸ್ಲಿ ಅಂತ ನಿಧಾನಕ್ಕೆ ಬೀಸ್ದೆ ಕಣೋ," ಎಂದರು. ಇನ್ನೊಮ್ಮೆ ಬೀಸಿಸಿದೆ. ಅದೇ ಎಚ್ಚರಿಕೆ, ಅದೇ ನಿಧಾನ. ಐದು ದಿನದಿಂದ ಎಲ್ಲರ ಕಣ್ಣಿಗೆ ಬೀಳಬೇಕೆಂದು ಹಂಬಲಿಸುವ ಮನುಷ್ಯನಿಗೆ ಕಾಣದ ಹಾಗೆ ಬೀಸು ಎಂದರೆ ಹೇಗೆ ಬೀಸಿಯಾನು? ಗಡಿಯಾರ ನೋಡಿದೆ, ಹನ್ನೊಂದೂವರೆ. ಸಹಿ ಬೀಳಲು ಹೆಚ್ಚು ಹೊತ್ತಿರಲಿಲ್ಲ.

ಫೋರ್ಕ್‌ಲಿಫ್ಟ್ ಅಲ್ಲೇ ಇತ್ತು. ಅವತ್ತಿನ ಡ್ರೈವರ್ ರಜೆಯಲ್ಲಿದ್ದ, ಬೇರೊಬ್ಬನಿದ್ದ. ಅವನ ಹತ್ತಿರ ಹೋಗಿ ಮೆಲ್ಲಗೆ, "ಗಾಡಿ ಹಿಂದಕ್ಕೆ ತಗೊಳಣ್ಣ. ಹಿಂದೆ ನಾನಿರ್ತೀನಿ. ಮಾರು ದೂರ ಇದ್ದಾಗ ನಿಲ್ಲಿಸು," ಎಂದೆ. ಅವನು ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿ ಒಪ್ಪಿದ. ಭಾವನಿಗೆ ಹೇಳಲಿಲ್ಲ. ಗಾಡಿ ಗುರ್ರೆಂದು ಹಿಂದಕ್ಕೆ ಹೊರಟಿತು. ನಾನು ಅದಕ್ಕೆ ಬೆನ್ನು ಹಾಕಿ ದಾರಿಯ ನಡುವೆ ನಿಂತು ಫೋನ್ ನೋಡತೊಡಗಿದೆ.

"ಲೋ! ಲೋ! ನಿಲ್ಸೋ! ಏಯ್, ನಿಲ್ಸೋ!"

ಭಾವನ ದನಿ ಅಷ್ಟು ದೊಡ್ಡದೆಂದು ನನಗೆ ಗೊತ್ತೇ ಇರಲಿಲ್ಲ. ಬಾವುಟದ ಕೋಲು ಗಾಳಿಯಲ್ಲಿ ಸುಯ್ಯೆನ್ನುತ್ತಿತ್ತು. ಗಾಡಿ ನಿಂತಿತು. ಭಾವ ಓಡಿಬಂದು ನನ್ನ ಕಾಲರ್ ಹಿಡಿದು ಕೆನ್ನೆಗೆ ಒಂದು ಬಿಟ್ಟರು.

"ಸಾಯೋಕೆ ಬಂದಿದ್ದೀಯಾ? ನಿಮ್ಮಕ್ಕಂಗೆ ನಾನೇನು ಹೇಳ್ಲೋ!"

ಅಳು ಉಕ್ಕಿಬಂದು ಅಲ್ಲೇ ಮೂಟೆಯ ಮೇಲೆ ಕುಸಿದು ಕೂತರು. ಮ್ಯಾನೇಜರ್ ಬಾಗಿಲಿಗೆ ಬಂದು ನನ್ನನ್ನು ಕರೆದರು.

ಪರದೆಯ ಮೇಲೆ ಗಾಡಿಯಿತ್ತು, ನಾನಿದ್ದೆ, ಭಾವ ಇದ್ದರು. ಬಾವುಟವಿರಲಿಲ್ಲ. ಅವರ ಹೆಗಲ ಪಕ್ಕದಲ್ಲಿ, ಬಟ್ಟೆ ಒಗೆದ ಮೇಲೂ ಉಳಿಯುವ ಕಲೆಯ ಹಾಗೆ, ತೆಳ್ಳಗೆ ಒಂದು ಕೆಂಪು. ಐದು ದಿನದ ಹಿಂದಿನದನ್ನು ಪಕ್ಕದಲ್ಲಿ ಹಾಕಿದೆ. ಅದೇ ಜಾಗದಲ್ಲಿ ಅದೇ ಕೆಂಪು. ಇಷ್ಟು ದಿನ ಯಾರೂ ಅದನ್ನು ಗಮನಿಸಿರಲಿಲ್ಲ, ನಾನೂ ಸೇರಿ.

ಮ್ಯಾನೇಜರ್ ಎರಡನ್ನೂ ಇನ್ನೊಮ್ಮೆ ಓಡಿಸಿ ನೋಡಿದರು. ಆಮೇಲೆ ಕಾಗದವನ್ನು ಎರಡು ತುಂಡು ಮಾಡಿದರು.

"ಹಾಗಾದ್ರೆ ತಪ್ಪು ನಿಮ್ಮದು."

"ನಂದೇ ಸಾರ್."

"ನಾಳೆಯಿಂದ ನಮ್ಮ ಕ್ಯಾಮೆರಾ ಬೇರೆಯವರು ನೋಡ್ಕೊಳ್ತಾರೆ."

ಚುಕ್ಕೆ ಬೇಡ ಅಂದವರು ಯಾರು ಎಂದು ಕೇಳಲು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡು ಹೊರಗೆ ಬಂದೆ.

ಭಾವ ಇನ್ನೂ ಮೂಟೆಯ ಮೇಲೇ ಇದ್ದರು. "ಈಗ ಕಾಣಿಸ್ತಾ?" ಎಂದರು.

"ಇಲ್ಲ ಭಾವ. ಜೋರಾಗಿ ಬೀಸಿದ್ರೆ ಅದರಲ್ಲಿ ಕಾಣ್ಸಲ್ಲ. ನನ್ನ ಸೆಟ್ಟಿಂಗ್ ತಪ್ಪು. ಕಾಗದ ಹರಿದು ಹಾಕಿದ್ರು. ನಿಮ್ಮ ಕೆಲಸ ಎಲ್ಲೂ ಹೋಗಲ್ಲ."

ಕುಣಿಯುತ್ತಾರೆ ಎಂದುಕೊಂಡಿದ್ದೆ. ಅವರು ತಮ್ಮ ಬಲಗೈಯನ್ನೇ ನೋಡುತ್ತಾ ಕೂತರು.

"ಹಾಗಾದ್ರೆ ಅವತ್ತು ನಾನು ಬೀಸಿದ್ದೆ, ಅಲ್ವೇನೋ?"

"ಅಂದ್ರೆ?"

"ಎಲ್ಲರೂ ಆ ಚಿತ್ರ ತೋರ್ಸಿ ತೋರ್ಸಿ ಹೇಳಿದ್ರಲ್ಲ. ಎರಡು ದಿನದಿಂದ ನನಗೇ ಅನುಮಾನ. ಬೀಸಿದ್ನೋ, ಬೀಸಿದೆ ಅಂತ ಅಂದ್ಕೊಂಡ್ನೋ. ಆ ಹುಡುಗನ ಕಾಲು ನಾನೇ ಮುರಿದೆ ಅಂತ..."

ನನಗೆ ನನ್ನ ಮೇಲೇ ಅಸಹ್ಯವಾಯಿತು. ಪಕ್ಕದಲ್ಲಿ ಕೂತು ಆ ಕೈ ಹಿಡಿದುಕೊಂಡೆ.

"ಬೀಸಿದ್ರಿ ಭಾವ."

ಅವರು ಇನ್ನೊಮ್ಮೆ ಕೇಳಿದರು. ನಾನು ಇನ್ನೊಮ್ಮೆ ಹೇಳಿದೆ.