ಬಂಡೆಯವರ ದನಿ ಹೋದದ್ದು

ಡುಲೂತ್ ಎಂಬ ಬಂದರು ಊರಿನ ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಸೇರುತ್ತಿದ್ದ ನಾಲ್ವರಲ್ಲಿ ಯಾರೂ ಐವತ್ತೈದಕ್ಕಿಂತ ಚಿಕ್ಕವರಲ್ಲ. ಹಾಗೆಂದು ಬುದ್ಧಿ ಬಂದಿತ್ತು ಎಂದೇನಲ್ಲ. ದಾಳ ಉರುಳಿಸಿ, ಇಲ್ಲದ ಲೋಕದ ಇಲ್ಲದ ಜನರಾಗಿ, ಇಲ್ಲದ ಕೋಟೆಗಳಿಗೋಸ್ಕರ ಹನ್ನೊಂದು ವರ್ಷದಿಂದ ಕಿತ್ತಾಡುತ್ತಿದ್ದರು.

ಆ ಲೋಕದಲ್ಲಿ ಬಂಡೆಯವರು ಎಂಬ ಜನರನ್ನು ಹುಟ್ಟಿಸಿದವಳು ಮಾರ್ಲಿಸ್. ಮೂವತ್ತು ವರ್ಷ ಶಾಲೆಯ ಬಸ್ ಓಡಿಸಿದವಳು. ವಸಂತದಲ್ಲಿ ದೊಡ್ಡ ಕೆರೆಯ ಮೇಲಿನ ಮಂಜುಗಡ್ಡೆ ಬಿರಿಯುವಾಗ ಆ ಸದ್ದಿನಿಂದಲೇ ಬಂಡೆಯವರು ಎದ್ದು ಬಂದರು ಎಂದು ಅವಳು ಆಟದ ಪುಸ್ತಕದಲ್ಲಿ ಬರೆಸಿದ್ದಳು. ಬೆನ್ನಿನ ಮೇಲೆ ಪಾಚಿ, ಎರಡಾಳು ಎತ್ತರ. ಪಿಸುಗುಟ್ಟಲು ಬರುವುದಿಲ್ಲ, ಆದ್ದರಿಂದ ಗುಟ್ಟು ಗೊತ್ತಿಲ್ಲ, ಸುಳ್ಳೂ ಗೊತ್ತಿಲ್ಲ. ಅವರ ಮಾತು ಆಡುವಾಗ ಮಾರ್ಲಿಸ್ ಹಿಂದಿನ ಸೀಟಿನ ಹುಡುಗರನ್ನು ಗದರಿಸುತ್ತಿದ್ದ ಅದೇ ಗಂಟಲನ್ನು ಹೊರತೆಗೆಯುತ್ತಿದ್ದಳು. ಮೇಜಿನ ಮೇಲಿನ ಕಾಫಿ ಲೋಟಗಳು ಅದುರುತ್ತಿದ್ದವು.

ಅವಳ ಎದುರಾಳಿ ಡೆಲ್ಬರ್ಟ್. ಹಡಗುಗಳಿಗೆ ಅದಿರು ತುಂಬುವ ಕೆಲಸದಿಂದ ನಿವೃತ್ತನಾದವನು. ಅವಳನ್ನು ಕೆಣಕುವುದಕ್ಕೆಂದೇ ಅವನು ಜೌಗಿನವರನ್ನು ಸೃಷ್ಟಿಸಿದ್ದ. ಮೊಣಕಾಲುದ್ದದ ಜನ, ಬಾತುಕೋಳಿಯ ಪಾದ, ಹುಟ್ಟಿದಾಗಿನಿಂದ ಪಿಸುಮಾತು, ಕಸುಬು ಗುಟ್ಟು ಮಾರುವುದು.

ಆಟ ನಡೆಸುವವನು ಅಂಚೆ ಕಚೇರಿಯಲ್ಲಿದ್ದ ಆರ್ಲೆನ್. ಅವನ ದಪ್ಪ ಪುಸ್ತಕದಲ್ಲಿ ಆ ಲೋಕದ ಜನರ ಹುಟ್ಟು, ಗುಣ, ಕೊರತೆ ಎಲ್ಲವೂ ಇದ್ದವು. ಮೊದಲು ಪೆನ್ಸಿಲಿನಲ್ಲಿ ಬರೆಯುವುದು, ಮೇಜಿನ ಸುತ್ತ ಕೂತವರೆಲ್ಲ ‘ಆಯ್ತು’ ಎಂದ ಮೇಲೆ ಶಾಯಿ. ಶಾಯಿ ಬಿದ್ದದ್ದನ್ನು ಎಷ್ಟೇ ದಡ್ಡತನವಾಗಿದ್ದರೂ ಹೊಡೆದು ಹಾಕುವಂತಿಲ್ಲ, ಕೆಳಗೆ ಸೇರಿಸಬಹುದು ಅಷ್ಟೇ. ನಾಲ್ಕನೆಯವಳಾದ ರೋಂಡಾ ಒಮ್ಮೆ ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ಬರೆಸಿದ್ದರಿಂದ ಅಲ್ಲಿನ ಒಂದು ನದಿ ಇವತ್ತಿಗೂ ಗುಡ್ಡ ಹತ್ತುತ್ತಿದೆ.

ಕಳೆದ ಬೇಸಿಗೆಯಲ್ಲಿ ಮಾರ್ಲಿಸ್‌ಗೆ ಗಂಟಲಿನ ಕ್ಯಾನ್ಸರ್ ಆಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಈಗ ಉಸಿರಾಟ ಕುತ್ತಿಗೆಯ ರಂಧ್ರದಿಂದ, ಮಾತು ಕೈಯಲ್ಲಿನ ಪುಟ್ಟ ನೋಟುಪುಸ್ತಕದಲ್ಲಿ ಬರೆದು. ಗಂಟಲಿಗೆ ಒತ್ತಿ ಹಿಡಿದರೆ ಮಾತು ಹೊರಡಿಸುವ ಯಂತ್ರವನ್ನೂ ಆಸ್ಪತ್ರೆಯವರು ಕೊಟ್ಟಿದ್ದರು. ಯಾರದೋ ದನಿ ತನಗೇಕೆ ಎಂದು ಅವಳು ಅದನ್ನು ಡ್ರಾಯರಿಗೆ ಹಾಕಿದ್ದಳು. ನರಳುವುದಕ್ಕೂ ಸದ್ದಿಲ್ಲದೆ ಮಲಗಿದ್ದ ಆ ದಿನಗಳಲ್ಲಿ ಅವಳು ಕಣ್ಣು ಮುಚ್ಚಿ, ಬೆಟ್ಟದ ತುದಿಯಲ್ಲಿ ನಿಂತ ಬಂಡೆಯವರು ಕೂಗುವುದನ್ನು ಕೇಳಿಸಿಕೊಳ್ಳುತ್ತಿದ್ದಳು. ಅವಳ ದನಿ ಉಳಿದಿದ್ದ ಜಾಗ ಅದೊಂದೇ.

ಏಳು ತಿಂಗಳ ಮೇಲೆ ಮೇಜಿಗೆ ಮರಳಿದ ದಿನ ಎಲ್ಲರೂ ಮಿತಿಮೀರಿ ಒಳ್ಳೆಯವರಾಗಿದ್ದರು. ರೋಂಡಾ ಹಾಟ್‌ಡಿಶ್ ಎಂಬ ಆಲೂಗಡ್ಡೆಯ ಖಾದ್ಯವನ್ನು ಕೂಸಿಗೆ ತಿನ್ನಿಸುವಂತೆ ನುಣ್ಣಗೆ ಮಾಡಿ ತಂದಿದ್ದಳು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಯಾರಿಗಾಗಿಯೂ ಎದ್ದು ನಿಲ್ಲದ ಡೆಲ್ಬರ್ಟ್ ಎದ್ದು ಕುರ್ಚಿ ಎಳೆದುಕೊಟ್ಟ. ಮಾರ್ಲಿಸ್‌ಗೆ ಆಗಲೇ ಏನೋ ಸರಿಯಿಲ್ಲ ಅನ್ನಿಸಿತು.

ಆರ್ಲೆನ್ ಪುಸ್ತಕ ತೆರೆದು, ನಿನಗಾಗಿ ಒಂದು ಉಡುಗೊರೆ ಇದೆ ಎಂದು ಓದಿದ. ಕೆರೆಯ ಒಡತಿ ಮುನಿದು ಬಂಡೆಯವರ ದನಿಯನ್ನು ಕಿತ್ತುಕೊಂಡಳಂತೆ. ಅಂದಿನಿಂದ ಅವರು ಮೂಕರಂತೆ, ಕೈಸನ್ನೆಯಲ್ಲೇ ಮಾತಂತೆ. ಅವಳಿಲ್ಲದ ಮೇಜಿನಲ್ಲಿ ಮೂವರೂ ‘ಆಯ್ತು’ ಎಂದಿದ್ದರು. ಶಾಯಿ ಬಿದ್ದಾಗಿತ್ತು.

ಮಾರ್ಲಿಸ್‌ಗೆ ಮೈಯೆಲ್ಲ ಉರಿಯಿತು. ಕಾಗದ ಹರಿಯುವಷ್ಟು ಒತ್ತಿ ಬರೆದು ಆರ್ಲೆನ್ ಮುಂದೆ ತಳ್ಳಿದಳು: ‘ಗಂಟ್ಲು ಹೋಗಿದ್ದು ನಂದು. ಅವರದ್ಯಾಕೆ ಕಿತ್ಕೊಂಡ್ರಿ?’

ಆರ್ಲೆನ್ ಕನ್ನಡಕ ತೆಗೆದ, ಹಾಕಿಕೊಂಡ. “ನಿಂಗೆ ಆಡೋಕೆ ಸುಲಭ ಆಗ್ಲಿ ಅಂತ ಮಾರಾಯ್ತಿ...” ಎಂದು ತೊದಲಿದ. ರೋಂಡಾಳ ಕಣ್ಣಲ್ಲಿ ಆಗಲೇ ನೀರು.

ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು, ಇವರು ಪ್ರೀತಿಯಿಂದ ಮಾಡಿದ್ದರು. ಮಾರ್ಲಿಸ್ ದಾಳಗಳನ್ನು ಚೀಲಕ್ಕೆ ಸುರಿದು, ಕೋಟಿನ ಒಂದು ತೋಳು ಏರಿಸಿದಳು. ಮತ್ತೆ ಬರಬಾರದು ಎಂದು ನಿಶ್ಚಯಿಸಿಯೂ ಆಗಿತ್ತು.

“ಹೋಗ್ಲಿ ಬಿಡಿ,” ಎಂದ ಡೆಲ್ಬರ್ಟ್, ಅವಳ ಕಡೆ ನೋಡದೆ. “ಬರ್ಕೋ ಆರ್ಲೆನ್. ಬಂಡೆಯೋರು ಬಾಲ ಮುದುರ್ಕೊಂಡು ಓಡಿದ್ರು, ಜೌಗಿನೋರು ಗೆದ್ರು. ಹನ್ನೊಂದು ವರ್ಷ ಬರೀ ಬಾಯೇ ಇತ್ತು ಈಯಮ್ಮಂಗೆ, ತಲೇಲೇನೂ ಇರ್ಲಿಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತು.”

ರೋಂಡಾ ಬೆಚ್ಚಿ ಅವನ ತೋಳು ಹಿಡಿದಳು. ಮಾರ್ಲಿಸ್ ನಿಂತಲ್ಲೇ ನಿಂತಳು. ಏಳು ತಿಂಗಳಲ್ಲಿ ಅವಳನ್ನು ಯಾರೂ ಬೈದಿರಲಿಲ್ಲ. ನರ್ಸುಗಳು, ನೆರೆಯವರು, ಸ್ವಂತ ತಂಗಿ, ಎಲ್ಲರೂ ಅವಳ ಜೊತೆ ಮೆಲ್ಲಗೆ, ಬಿಡಿಸಿ ಬಿಡಿಸಿ ಮಾತಾಡುತ್ತಿದ್ದರು. ಕಿವಿಯೂ ಹೋಗಿದೆ ಎಂದುಕೊಂಡಿದ್ದರೋ ಏನೋ. ಈ ಮುದುಕನೊಬ್ಬನೇ ಅವಳನ್ನು ಹಳೆಯ ಮಾರ್ಲಿಸ್ ಎಂದೇ ತಿಳಿದಿದ್ದ.

ಅವಳು ಕೋಟು ಕಳಚಿ ಕೂತಳು. ಆಟದ ದಪ್ಪ ಪುಸ್ತಕ ಎಳೆದುಕೊಂಡು ಆರ್ಲೆನ್ ಕೈಯಿಂದ ಪೆನ್ಸಿಲ್ ಕಿತ್ತುಕೊಂಡಳು. ಕಾಲು ಗಂಟೆ ಬರೆದಳು. ಬರೆದದ್ದನ್ನು ಆರ್ಲೆನ್ ಗಟ್ಟಿಯಾಗಿ ಓದಿದ.

ಕೆರೆಯ ಒಡತಿ ಬಂಡೆಯವರ ದನಿ ಕಿತ್ತುಕೊಂಡದ್ದು ನಿಜ. ಆದರೆ ಅದು ಎಷ್ಟು ದೊಡ್ಡದಿತ್ತೆಂದರೆ ಅವಳ ಮುಷ್ಟಿಯಲ್ಲಿ ನಿಲ್ಲಲಿಲ್ಲ. ಬೆರಳ ಸಂದಿಯಿಂದ ಜಾರಿ ಜೌಗಿಗೆ ಬಿತ್ತು. ಅಲ್ಲಿ ಬಾಯಿ ತೆರೆದು ಮಲಗಿದ್ದ ಜೌಗಿನವರ ಗಂಟಲಿಗೆ ಹೋಗಿ ಸಿಕ್ಕಿಕೊಂಡಿತು. ಅಂದಿನಿಂದ ಜೌಗಿನವರಿಗೆ ಪಿಸುಗುಟ್ಟಲು ಬರುವುದಿಲ್ಲ, ಗುಟ್ಟಿನ ವ್ಯಾಪಾರ ಮುಳುಗಿತು. ಬಂಡೆಯವನೊಬ್ಬ ಮಾತಾಡಬೇಕಾದಾಗ ಜೌಗಿನವನೊಬ್ಬನನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಾನೆ. ಬಂಡೆಯವನು ಅಂದುಕೊಂಡದ್ದನ್ನು ಅಕ್ಷರ ಬಿಡದೆ ಅವನು ಕೂಗಲೇಬೇಕು.

ಜೌಗಿನವರನ್ನು ಹುಟ್ಟಿಸಿದವನೂ ‘ಆಯ್ತು’ ಎನ್ನದೆ ಇದಕ್ಕೆ ಶಾಯಿ ಬೀಳುವಂತಿರಲಿಲ್ಲ. ಎಲ್ಲರೂ ಡೆಲ್ಬರ್ಟ್‌ನ ಮುಖ ನೋಡಿದರು. ಹನ್ನೊಂದು ವರ್ಷ ಜತನದಿಂದ ಕಟ್ಟಿದ ಪಿಸುಮಾತಿನ ಜನ ಅವನವರು.

“ಅಂದ್ರೆ ಇವ್ಳು ಬರೆದಿದ್ದನ್ನೆಲ್ಲ ನಾನು ಅರಚ್ಬೇಕು?”

ಮಾರ್ಲಿಸ್ ತಲೆಯಾಡಿಸಿದಳು.

“ನನ್ನನ್ನೇ ಬೈದ್ರೂ?”

ಅದಕ್ಕೆ ಅವಳು ಎರಡು ಸಲ ತಲೆಯಾಡಿಸಿದಳು.

ಡೆಲ್ಬರ್ಟ್ ಗದ್ದ ಕೆರೆದುಕೊಂಡ. “ಆಯ್ತು,” ಎಂದ. “ಶಾಯಿ ಹಾಕೋ ಆರ್ಲೆನ್, ಈಯಮ್ಮ ಮತ್ತೆ ಕೋಟು ಹಾಕ್ಕೊಳ್ಳೋಕೆ ಮುಂಚೆ.”

ಆಟ ಶುರುವಾಯಿತು. ಮಾರ್ಲಿಸ್ ಮೊದಲ ಮಾತು ಬರೆದು ಅವನ ಮುಂದಿಟ್ಟಳು. ಜೌಗಿನವರ ಪಾದದ ವಾಸನೆಯಿಂದ ಹಿಡಿದು ಡೆಲ್ಬರ್ಟ್ ಕಳೆದ ವರ್ಷ ದಾಳವನ್ನು ಕದ್ದು ತಿರುಗಿಸಿ ಇಟ್ಟದ್ದರವರೆಗೆ ಅದರಲ್ಲಿ ಎಲ್ಲವೂ ಇತ್ತು. ಅವನು ಓದಿ ನೋಡಿದ, ಮುಖ ಕೆಂಪಾಯಿತು. ಒಮ್ಮೆ ಕೆಮ್ಮಿ, ಕಣ್ಣು ಮುಚ್ಚಿ ಕೂಗತೊಡಗಿದ. ಸ್ವರ ಅವನದಾದರೂ ಏರಿಳಿತವೆಲ್ಲ ಮಾರ್ಲಿಸ್‌ಳದು. ಎಲ್ಲಿ ಎಳೆಯಬೇಕು, ಎಲ್ಲಿ ಗುದ್ದಬೇಕು, ಅಷ್ಟು ವರ್ಷ ಎದುರು ಕೂತು ಬೈಸಿಕೊಂಡವನಿಗೆ ಬಾಯಿಪಾಠವಾಗಿತ್ತು.

ರೋಂಡಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಾರ್ಲಿಸ್ ನಗುವಾಗ ಸದ್ದು ಬರಲಿಲ್ಲ, ಭುಜ ಕುಲುಕಿತು, ಕುತ್ತಿಗೆಯ ರಂಧ್ರಕ್ಕೆ ಮುಚ್ಚಿದ್ದ ಬಟ್ಟೆ ಪಟಪಟನೆ ಹಾರಿತು. ತನ್ನ ಮಾತನ್ನು ಇಷ್ಟು ಜೋಪಾನವಾಗಿ ಕೇಳಿಟ್ಟುಕೊಂಡವನೊಬ್ಬ ಎದುರಿಗೇ ಇದ್ದನಲ್ಲ ಎಂದು ಅವಳಿಗೆ ತಡೆಯಲಾರದಷ್ಟು ಕೃತಜ್ಞತೆ ಉಕ್ಕಿತು. ಅದನ್ನೇ ಬರೆಯಬೇಕೆಂದು ಪೆನ್ಸಿಲ್ ಎತ್ತಿದಳು. ಬರೆದರೆ ಅದನ್ನೂ ಅವನು ಅರಚಬೇಕಾಗುತ್ತಿತ್ತು.

ಪೆನ್ಸಿಲ್ ಕೆಳಗಿಟ್ಟು ತನ್ನ ನೀರಿನ ಲೋಟವನ್ನು ಅವನ ಕಡೆ ಸರಿಸಿದಳು. ಅವನು ಗಟಗಟನೆ ಕುಡಿದು, ಒಡೆದ ಗಂಟಲಿನಲ್ಲಿ “ಸಾಕಾ?” ಎಂದು ಕೇಳಿದ.

‘ಇನ್ನೂ ಜೋರಾಗಿ,’ ಎಂದು ಬರೆದಳು ಮಾರ್ಲಿಸ್.

ಡೆಲ್ಬರ್ಟ್ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದು ನಿಂತು, ಮೊದಲ ಸಾಲಿನಿಂದ ಮತ್ತೆ ಶುರು ಮಾಡಿದ.