ಒಂದಾದ ಮೇಲೆ ಹತ್ತು

ಮೊದಲನೇ ಹಾಡು ಮುಗಿದು ಹತ್ತನೇದು ಶುರುವಾಯಿತು, ಎರಡನೇದು ಎಲ್ಲಿ ಹೋಯಿತೋ, ಈ ಹಾಡಿನ ಡಬ್ಬಕ್ಕೆ ಎಣಿಸಾಕೇ ಬರಲ್ಲ ಸರಳಕ್ಕಾ ಎಂದು ಫ್ಯಾಕ್ಟರಿ ಬಸ್ಸಿನ ಡ್ರೈವರ್ ಮುನಿಯಪ್ಪ ನಗುತ್ತಾನೆ, ನಗಲಿ, ಅದು ಎಣಿಸುವುದೇ ಇಲ್ಲ, ಅಂಕಿಯನ್ನು ಅಕ್ಷರದ ಹಾಗೆ ಓದುತ್ತದೆ, ಮೊದಲು ಒಂದು, ಆಮೇಲೆ ಒಂಬತ್ತು, ಒಂದರ ಮುಂದೆ ಎಷ್ಟು ಸೊನ್ನೆ ಇದ್ದರೂ ಅದು ಒಂಬತ್ತಕ್ಕಿಂತ ಮೊದಲೇ — ಅಯ್ಯೋ, ನನ್ನ ದೀಪ. ಕುಲುಮೆಯ ಮೇಲಿನ ಕೆಂಪು ದೀಪ, ಒಂಬೈನೂರು ಡಿಗ್ರಿ ದಾಟಿದರೆ ಹತ್ತಬೇಕು, ಹತ್ತಿದ್ದರೆ ಯಾರೂ ಬಾಗಿಲು ತೆಗೆಯಬಾರದು, ಪ್ರೋಗ್ರಾಂ ಬರೆದವಳು ನಾನು. ಬಿಸಿಯ ಲೆಕ್ಕ ಅಕ್ಷರವಾಗಿಯೇ ಬರುತ್ತದೆ, ಮಿತಿಯನ್ನೂ ಹಾಗೇ ಓದಿಸಿದ್ದೇನೆ, ಸಾವಿರ ಬಂದರೆ ಒಂಬೈನೂರಕ್ಕಿಂತ ಕಡಿಮೆ ಎನ್ನುತ್ತದೆ ಪೆದ್ದು ಪೈಥಾನ್ ಭಾಷೆ — ಪೆದ್ದಿ ನಾನು. ಮೊದಲು ಜಾವಾ ಭಾಷೆಯಲ್ಲಿ ಬರೆಯುವಾಗ ಅದನ್ನು ತಪಾಸಿಸುವ ಕಂಪೈಲರ್ ನಮ್ಮತ್ತೆ ಅಂಜಿನಮ್ಮನ ಹಾಗೆ, ಒಲೆ ಹಚ್ಚುವ ಮೊದಲೇ ತಪ್ಪು ಹುಡುಕುತ್ತಿತ್ತು, ಅದು ಸುಮ್ಮನಾದರೆ ಕೆಲಸ ಸರಿ ಎಂದು ರೂಢಿಯಾಗಿತ್ತು, ಈ ಪೈಥಾನ್ ಮೊದಲಿನಿಂದಲೂ ಸುಮ್ಮನೆ, ನಾನು ಅದನ್ನೇ ಒಪ್ಪಿಗೆ ಅಂದುಕೊಂಡೆ. ಈ ಭಾಷೆಗೆ ಒಂದೊಂದಕ್ಕೂ ಟೆಸ್ಟ್ ಬರೀಬೇಕು ಸಾರ್ ಎಂದಿದ್ದೆ, ನಮ್ಮ ಮ್ಯಾನೇಜರ್ ಮೋಹನ್ ಸಾರ್ ಕೇಳಲಿಲ್ಲ, ಆಯುಧಪೂಜೆಗೆ ಎಂಡಿ ಬತ್ತಾರಮ್ಮ, ದೀಪ ಹತ್ತುದ್ರೆ ಸಾಕು ಎಂದರು. ಹತ್ತಿತು, ಒಂಬೈನೂರೈವತ್ತಕ್ಕೆ ಚೆನ್ನಾಗಿಯೇ ಹತ್ತಿತು, ಎಲ್ಲರೂ ಚಪ್ಪಾಳೆ ತಟ್ಟಿದರು, ಗೋಪಿ ಏಣಿ ಹತ್ತಿ ದೀಪದ ಗಾಜಿಗೆ ಕುಂಕುಮ ಬಳಿದ, ನನ್ನ ತಮ್ಮ, ಕುಲುಮೆಯ ಬಾಗಿಲು ಅವನದೇ ಕೆಲಸ, ನಮ್ಮಕ್ಕ ಮಾಡಿದ್ದು ಕಣ್ಲಾ ಎಂದು ಕಂಡಕಂಡವರಿಗೆಲ್ಲ ಹೇಳಿದ.

ಬಸ್ಸು ಯಾಕೆ ನಿಂತಿತು, ಸಾನಮಾವು ಕಾಡು, ಆನೆಗಳು ರಸ್ತೆ ದಾಟುತ್ತಿವೆ, ಮುನಿಯಪ್ಪಣ್ಣ ತೆಗಿಯಣ್ಣಾ ಬಸ್ಸು, ಹೆಂಗ್ ತೆಗೀಲಕ್ಕಾ, ಮರಿ ಐತೆ ಜೊತೆಗೆ. ಫೋನಿಗೆ ಸಿಗ್ನಲ್ ಇಲ್ಲ, ಇದ್ದರೂ ಗೋಪಿಯ ಫೋನು ಗೇಟಿನಲ್ಲಿ ಇಸಿದುಕೊಂಡಿರುತ್ತಾರೆ, ಬೆಳಗಿನ ಪಾಳಿ ಶುರುವಾಗಿದೆ, ಇವತ್ತು ಹೊಸ ಬರ್ನರ್, ಅದು ಒಂದೇ ಸಲಕ್ಕೆ ಸಾವಿರಕ್ಕೆ ಎಗರ್ತದಂತಕ್ಕಾ, ನಿನ್ ದೀಪ ಐತಲ್ಲ ಬುಡು, ನಿನ್ನೆ ಊಟಕ್ಕೆ ಕೂತು ಗೋಪಿ ಹೇಳಿದ, ನಾನು ಇನ್ನೊಂದು ಮುದ್ದೆ ಬಡಿಸಿದೆ. ದೇವರೇ, ದೀಪ ಹತ್ತದೇ ಇದ್ದಿದ್ದರೂ ಚೆನ್ನಾಗಿತ್ತು, ಅನುಮಾನ ಬರುತ್ತಿತ್ತು, ಇದು ಹತ್ತುತ್ತದೆ, ಅವನು ಹಿಂದೆ ಸರಿದು ಕಾಯುತ್ತಾನೆ, ಒಂಬೈನೂರ ತೊಂಬತ್ತೊಂಬತ್ತರ ತನಕ ಉರಿದು ಸಾವಿರಕ್ಕೆ ಆರುತ್ತದೆ, ತಣ್ಣಗಾಯ್ತು ಕಣ್ಲಾ ಎನ್ನುತ್ತಾನೆ, ನಂಬಿ, ನನ್ನನ್ನು ನಂಬಿ — ಮರಿ ಇನ್ನೂ ರಸ್ತೆಯಲ್ಲೇ ಇದೆ, ಹನ್ನೊಂದನೇ ಹಾಡು ಬಂತು, ನಿಲ್ಲಿಸಣ್ಣಾ ಅದನ್ನು — ದೀಪ ಹತ್ತುತ್ತದೆ, ಆರುತ್ತದೆ, ಕುಂಕುಮ ಬಳಿದ ಗಾಜು, ಹತ್ತುತ್ತದೆ, ಆರುತ್ತದೆ, ಬಾಗಿಲ ಹಿಡಿಯ ಮೇಲೆ ಗೋಪಿಯ ಕೈ.