ಚಂದ್ರಿ ಮುಟ್ಟಿದ ಕಲ್ಲು

ಒಂದು ನಿಮಿಷದಲ್ಲಿ ಯಾವ ಕುದುರೆ ಹೆಚ್ಚು ದೂರ ಓಡುತ್ತದೆಂಬ ಶರ್ಯತ್ತನ್ನು ತಿರ್ಲಾಪುರದವರು ಈ ಸಲ ಹೊಸ ದಾರಿಯಲ್ಲಿ ನಡೆಸಿದ್ದರು. ಗೌರೀಶನ ಕುದುರೆ ಓಡಿದ ದೂರವನ್ನು ಟೇಪು ಹಿಡಿದು ಅಳೆದರೆ, ಎಂದೋ ಸತ್ತ ಚಂದ್ರಿಯೆಂಬ ಹೆಣ್ಣುಕುದುರೆಯ ಇಪ್ಪತ್ತು ವರ್ಷದ ದಾಖಲೆಗಿಂತ ಹತ್ತಡಿ ಹೆಚ್ಚು. ಚಂದ್ರಿಯನ್ನು ಓಡಿಸಿದ್ದ ಮಡಿವಾಳೆಪ್ಪ ಮುಂದೆ ನುಗ್ಗಿ ಬಂದ.

“ಆಕಿ ಓಟಾ ಬಾವಿ ಹಗ್ಗದ್ಲೆ ಅಳದಿದ್ರಿ! ಹಳೇ ದಾರ್ಯಾಗ ಆಕಿ ಮುಟ್ಟಿದಲ್ಲಿ ಹುಗದ ಕಲ್ಲ ಇನ್ನೂ ಐತಿ. ಅಲ್ಲೀತನಾ ಇದ ಟೇಪ ಹಿಡೀರಿ!” ಎಂದು ಗುಡುಗಿದ.

ಹಿಡಿದರು. ನೂರಡಿಯೆಂದು ಎಲ್ಲರೂ ನಂಬಿದ್ದ ಹಗ್ಗ ಜಗ್ಗಿ ಜಗ್ಗಿ ಉದ್ದವಾಗಿತ್ತು. ಚಂದ್ರಿ ದಾಖಲೆಗಿಂತ ನಲವತ್ತಡಿ ಹೆಚ್ಚೇ ಓಡಿದ್ದಳು.

ಮಡಿವಾಳೆಪ್ಪ ಆ ಕಲ್ಲಿಗೇ ಬೆನ್ನು ಕೊಟ್ಟು ಕುಳಿತು, ಉಸಿರು ಬಿಟ್ಟ. ಮುಖ ಬಾಡಿದ್ದ ಗೌರೀಶನಿಗೆ ಮೆತ್ತಗೆ ಹೇಳಿದ: “ಮೊದಲ ನಿನ್ನ ಕುದರಿಗೆ ನೀರ ಕುಡಸೋ ತಮ್ಮಾ. ಯಾರ ಬೆನ್ನ ಹತ್ತಿದ್ದೆ ಅಂತ ಅದಕ್ಕೇನ ಗೊತ್ತು!”